ಏಳನೇ ಗೂಟ

ಸೆಪ್ಟೆಂಬರ್ 3, ಬುಧವಾರ

ಎಡಗೈಗೆ ಪ್ಲಾಸ್ಟರ್ ಬಿದ್ದು ಇವತ್ತಿಗೆ ನಾಲ್ಕು ದಿನ. ಆರು ವಾರ ಕೈಯನ್ನು ಕೂಸಿನ ಹಾಗೆ ಎತ್ತಿಕೊಂಡು ತಿರುಗಬೇಕಂತೆ. ಸೊಸೆರಾಣಿ ತನ್ನ ಹಳೆಯ ನೋಟುಬುಕ್ಕು ತಂದುಕೊಟ್ಟು, "ಅತ್ತೆ, ಒಂದು ಕಡೆ ಕೂತು ಏನಾದ್ರೂ ಬರೀರಿ, ಹೊತ್ತು ಹೋಗುತ್ತೆ" ಎಂದಳು. ಬಾಯಿ ಮುಚ್ಚಿಕೊಂಡಿರಿ ಎಂದು ಅದರ ಅರ್ಥ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಅಷ್ಟು ಅರ್ಥವಾಗುತ್ತದೆ. ಬರೆಯುತ್ತೇನೆ. ಬಾಯಿಯ ಮಾತು ಬೇರೆ.

ಕೈ ಮುರಿದದ್ದು ಹೇಗೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದೇನೆ: ಗಡಿಬಿಡಿ ಹಗ್ಗ ಎಳೆಯಿತು, ಬಿದ್ದೆ. ಗಡಿಬಿಡಿ ಎಂದರೆ ನಮ್ಮ ಮೂರು ಹಸುಗಳಲ್ಲಿ ಚಿಕ್ಕದು. ತಿರುಗಿ ಮಾತಾಡುವುದಿಲ್ಲ ಎಂಬ ಧೈರ್ಯ. ನಿಜವೇನೆಂದರೆ, ನಾನೇ ಹೊಡೆದ ಗೂಟವನ್ನು ನಾನೇ ಎಡವಿದೆ. ಹಸು ಕಟ್ಟಲು ಹುಲ್ಲುಗಾವಲಿನಲ್ಲಿ ಹನ್ನೆರಡು ಕಬ್ಬಿಣದ ಗೂಟ ಹೊಡೆದಿದ್ದೇನೆ. ಒಂದರ ಸುತ್ತ ಎರಡು ದಿನ ಮೇಯಿಸುವುದು, ಆಮೇಲೆ ಮುಂದಿನದಕ್ಕೆ. ಪ್ರತಿ ಸಲ ಕಿತ್ತು ಹೊಡೆಯುವವರು ಯಾರು ಎಂದು ನೆಲದಲ್ಲೇ ಬಿಟ್ಟಿದ್ದೇನೆ. ಗೇಣುದ್ದ ಮೇಲಿರುತ್ತದೆ, ಹುಲ್ಲು ಬೆಳೆದರೆ ಅದೂ ಕಾಣದು. ಕೊಯ್ಯುವವಳೂ ನಾನೇ, ಕಟ್ಟುವವಳೂ ನಾನೇ, ಆದ್ದರಿಂದ ಇನ್ನೊಬ್ಬರಿಗೆ ಗೊತ್ತಿಲ್ಲ. ನನ್ನ ಕಾಲಿಗೆ ಕಣ್ಣಿದೆ. ಆ ದಿನ ಮಾತ್ರ ಸೊಸೆರಾಣಿ ಹಾಲು ಕರೆಯುತ್ತಾ ಗುನುಗುವುದನ್ನು ಕೇಳಿ ತಲೆಕೆಟ್ಟು ಬಿರಬಿರನೆ ಹೊರಟಿದ್ದೆ. ಏಳನೆಯದು ಕಾಲಿಗೆ ಸಿಕ್ಕಿತು.

ಎಡಗೈ ಹುಲ್ಲು ಹಿಡಿಯದಿದ್ದರೆ ಬಲಗೈ ಕುಡುಗೋಲು ಏನು ಮಾಡೀತು? ನಾಲ್ಕು ಎಕರೆ ಸೊಂಟಕ್ಕೆ ಬಂದು ನಿಂತಿದೆ. ನಡುನಡುವೆ ಹೆಬ್ಬೆರಳು ದಪ್ಪದ ಮುಳ್ಳುಗಿಡ. ಬಲಿತ ಹುಲ್ಲನ್ನು ಹಸುಗಳು ಮೂಸಿಯೂ ನೋಡುವುದಿಲ್ಲ. ಲಾರಿ ಓಡಿಸುವ ನನ್ನ ಮಗ ಭಾನುವಾರ ಬಂದವನು, "ಅಮ್ಮ, ಸಾಕು ಅದರ ಸಹವಾಸ. ಇಟ್ಟಿಗೆಯವನು ಮಣ್ಣಿಗೆ ಕೇಳ್ತಿದ್ದಾನೆ. ತಿಂಗಳ ಕೊನೆಗೆ ಹೂಂ ಅಂದ್ಬಿಡೋಣ" ಎಂದ. ಇಟ್ಟಿಗೆಯವನು ಒಮ್ಮೆ ಅಗೆದರೆ ಉಳಿಯುವುದು ಹೊಂಡ. ಹೊಂಡದಲ್ಲಿ ಹಸು ಮೇಯುತ್ತದೆಯೇ?

ಆಗ ಸೊಸೆರಾಣಿ ಹೇಳಿದಳು: "ಪುಟ್ಟ ಟ್ರ್ಯಾಕ್ಟರ್ ಇದೆಯಲ್ಲ. ಹಿಂದೆ ಹುಲ್ಲು ಕತ್ತರಿಸೋ ಮಷಿನ್ ಕಟ್ಟಿದ್ರೆ ನಾನೇ ಓಡಿಸ್ತೀನಿ."

ಮಗ ನಕ್ಕ. ನಾನೂ ನಕ್ಕೆ. ನಗುವುದಕ್ಕೆ ಪ್ಲಾಸ್ಟರ್ ಅಡ್ಡಿಯಿಲ್ಲ.

"ತಿಂಗಳ ಕೊನೆಯೊಳಗೆ ಕತ್ತರಿಸಿ ತೋರ್ಸು" ಎಂದ ಮಗ. "ಇಟ್ಟಿಗೆಯವನಿಗೆ ನಾನೇ ಆಗಲ್ಲ ಅಂತೀನಿ."

ಸೆಪ್ಟೆಂಬರ್ 5, ಶುಕ್ರವಾರ

ಟ್ರ್ಯಾಕ್ಟರ್ ಸಾಮಾನಿನ ಅಂಗಡಿಗೆ ಹೋಗಿದ್ದೆವು. ಅಂಗಡಿಯವನ ಅಂಗಿಯ ಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದಿತ್ತು. ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟೆ, ಮನಸ್ಸಿನಲ್ಲೇ.

ನಾಲ್ಕು ಮಷಿನ್ ತೋರಿಸಿದ. ಒಂದು, ಕ್ಷೌರದ ಅಂಗಡಿಯ ಕತ್ತರಿ ಮಷಿನ್ನಿನ ಹಲ್ಲನ್ನು ಐದಡಿ ಎಳೆದ ಹಾಗಿತ್ತು. ಬುಡಕ್ಕೆ ಸರಿಯಾಗಿ ಕೊಯ್ದು ಹುಲ್ಲನ್ನು ಹಾಗೆಯೇ ಮಲಗಿಸುತ್ತದಂತೆ, ಆದರೆ ಮುಳ್ಳುಗಿಡ ಸಿಕ್ಕರೆ ಹಲ್ಲು ಕಚ್ಚಿ ನಿಂತುಬಿಡುತ್ತದಂತೆ. ಇನ್ನೊಂದು ಉರುಳೆ, ಅದರ ತುಂಬ ಸಣ್ಣ ಸಣ್ಣ ಚೂರಿ. ಮುಟ್ಟಲೂ ಭಯ. ಅದನ್ನು ತಿರುಗಿಸಲು ನಮ್ಮ ಟ್ರ್ಯಾಕ್ಟರಿನ ಶಕ್ತಿ ಸಾಲದಂತೆ. ಮೂರನೆಯದು ಮೂಲೆಯಲ್ಲಿ ಧೂಳು ಹಿಡಿದು ಕೂತಿತ್ತು. ದಪ್ಪ ಕಬ್ಬಿಣದ ಮುಚ್ಚಳ, ಅಡಿಯಲ್ಲಿ ಎರಡೇ ಬ್ಲೇಡು, ಅವೂ ಸಡಿಲ.

"ಇದೇನಪ್ಪ, ಜೋತಾಡ್ತಿದೆ? ರಿಪೇರಿಗೆ ಬಂದದ್ದಾ?"

"ಅದು ಸ್ಲ್ಯಾಶರ್ ಅಜ್ಜಿ. ಪೊದೆ ಕಡಿಯೋರಿಗೆ. ನಿಮಗೆ ಇದು ನೋಡಿ" ಎಂದು ನಾಲ್ಕನೆಯದರ ಮೇಲೆ ಕೈಯಾಡಿಸಿದ. ಹಳದಿ ಬಣ್ಣ, ಫಳಫಳ, ನಾಲ್ಕು ಪುಟಾಣಿ ಚಕ್ರ. "ಕಾರ್ಪೆಟ್ ಹಾಸಿದ ಹಾಗೆ ಕತ್ತರಿಸುತ್ತೆ."

"ಸರಿ ಹೋಯ್ತು. ನಮ್ಮ ಹಸುಗಳು ಚಪ್ಪಲಿ ಹೊರಗೆ ಬಿಟ್ಟೇ ಮೇಯೋಕೆ ಹೋಗೋದು" ಎಂದೆ. ಅವನು ತಲೆಯಾಡಿಸಿದ. ಇಸ್ತ್ರಿ ಅಂಗಿಗಷ್ಟೇ ಅಲ್ಲ, ತಲೆಗೂ ಆಗಿದೆ.

ಸೊಸೆರಾಣಿ ಅಷ್ಟರಲ್ಲಿ ಧೂಳಿನ ಮಷಿನ್ ಮುಂದೆ ಕುಕ್ಕರಗಾಲಲ್ಲಿ ಕೂತು, ಜೋತಾಡುವ ಬ್ಲೇಡನ್ನು ಬೆರಳಲ್ಲಿ ಆಚೀಚೆ ತೂಗುತ್ತಿದ್ದಳು. "ಅತ್ತೆ, ಇದು ಚೆನ್ನಾಗಿದೆ" ಎಂದಳು.

ಆದ್ದರಿಂದ ಹಳದಿಯದೇ ಆಗಬೇಕು ಎಂದು ನಾನು ಹೇಳಿದೆ. ಒಂದು ವಾರ ಓಡಿಸಿ ನೋಡಲು ಕೊಡುತ್ತಾನಂತೆ.

ಸೆಪ್ಟೆಂಬರ್ 9, ಮಂಗಳವಾರ

ನಟ್ಟಣ್ಣ ಬಂದಿದ್ದ. ಟ್ರ್ಯಾಕ್ಟರ್ ಮೆಕ್ಯಾನಿಕ್. ಎಲ್ಲಿ ಕೂತು ಎದ್ದರೂ ಜೇಬಿನಿಂದ ಒಂದು ನಟ್ಟು ಉದುರುತ್ತದೆ, ಹಾಗಾಗಿ ಆ ಹೆಸರು. ಸೊಸೆರಾಣಿಯೇ ಕರೆಸಿದ್ದು. ನನ್ನ ಮಾತಿನ ಮೇಲೆ ಅವಳಿಗೆ ಎಷ್ಟು ನಂಬಿಕೆ ನೋಡಿ.

ಅವನು ಬೇಲಿಯ ಹತ್ತಿರ ನಿಂತು ಹುಲ್ಲುಗಾವಲನ್ನೆಲ್ಲ ಕಣ್ಣಲ್ಲೇ ಅಳೆದ. "ಅಜ್ಜಿ, ಒಳಗೆ ಕಲ್ಲು ಗಿಲ್ಲು ಇದೆಯಾ? ಹಳೇ ಕಬ್ಬಿಣ ಏನಾದ್ರೂ?"

"ನನ್ನ ಹುಲ್ಲುಗಾವಲಲ್ಲಿ ಕಲ್ಲಾ? ಮೂವತ್ತೈದು ವರ್ಷ ಆರಿಸಿದ್ದೀನಪ್ಪ. ಬರಿಗಾಲಲ್ಲಿ ಓಡಾಡು ಬೇಕಾದ್ರೆ."

"ಹಾಗಿದ್ರೆ ಹಳದೀದು ನಡೆಯುತ್ತೆ. ಆದ್ರೆ ಕೇಳಿ, ಅದರ ಬ್ಲೇಡು ಬಿಗಿ. ಗಟ್ಟಿ ವಸ್ತು ಸಿಕ್ರೆ ಹಿಂದೆ ಸರಿಯೋದು ಅದಕ್ಕೆ ಗೊತ್ತಿಲ್ಲ, ಮುರ್ಕೊಳ್ಳುತ್ತೆ. ಸ್ಲ್ಯಾಶರ್ ಬ್ಲೇಡು ಕೀಲಿನ ಮೇಲಿರುತ್ತೆ. ಕಲ್ಲು ಸಿಕ್ತಾ, ಮಡಚ್ಕೊಂಡು ದಾಟಿ ಮತ್ತೆ ಬಿಚ್ಕೊಳ್ಳುತ್ತೆ."

ಕಬ್ಬಿಣ ಎಂದಾಗ ಏಳನೆಯದು ನೆನಪಾಯಿತು. ಗೂಟದ ಮಾತೆತ್ತಿದರೆ ಎಡವಿದ ಮಾತೂ ಹೊರಗೆ ಬೀಳುತ್ತದೆ. ಕಾಲಿಗೆ ಕಣ್ಣಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಇರಲಿ. ಆ ದಿನ ನಾನೇ ಬದಿಯಲ್ಲಿ ನಿಂತು ಎಡಕ್ಕೆ, ಬಲಕ್ಕೆ ಎಂದು ಕೂಗಿದರಾಯಿತು. ನನ್ನ ಗಂಟಲಿನ ಮೇಲೆ ಈವರೆಗೆ ಯಾರೂ ದೂರು ಹೇಳಿಲ್ಲ. ಅಂದರೆ, ಕೇಳಿಸುವುದಿಲ್ಲ ಎಂದು ಹೇಳಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಆಗಬಾರದ್ದು ಆಯಿತು.

ಬೆಳಿಗ್ಗೆ ಸೊಸೆ ಟ್ರ್ಯಾಕ್ಟರ್ ಹತ್ತಿದಳು. ಮಗ ಬೇಲಿಗೆ ಒರಗಿ ಕೈಕಟ್ಟಿ ನಿಂತಿದ್ದ. ಮೊದಲ ಎರಡು ಸುತ್ತು ಚೆನ್ನಾಗಿಯೇ ಹೋಯಿತು, ಒಂದನೇ ಗೂಟ ಎರಡನೇ ಗೂಟ ಪಕ್ಕದಲ್ಲೇ ತಪ್ಪಿದವು. ಮೂರನೇ ಸುತ್ತಿಗೆ ಅವಳು ನೇರವಾಗಿ ಏಳನೆಯದರ ಕಡೆಗೆ ಬಂದಳು. "ಬಲಕ್ಕೇ! ಬಲಕ್ಕೇ!" ಎಂದು ಕೂಗಿದೆ. ಇಂಜಿನ್ನಿನ ಸದ್ದಿನಲ್ಲಿ ನನ್ನ ಗಂಟಲು ಸೊಳ್ಳೆಯ ಗಂಟಲಾಯಿತು. ಅವಳು ನನ್ನನ್ನು ನೋಡಿ ನಗುತ್ತಾ ಕೈಬೀಸಿದಳು. ಹುರಿದುಂಬಿಸುತ್ತಿದ್ದೇನೆ ಎಂದುಕೊಂಡಳು ಪಾಪ.

ಟಣ್ ಎಂದಿತು. ಬ್ಲೇಡು ನಾಯಿಯ ಕಿವಿಯ ಹಾಗೆ ಮಡಚಿತ್ತು, ಹಳದಿ ಮುಚ್ಚಳ ಹರಿದಿತ್ತು.

ಮಗ ಓಡಿಬಂದ. "ನಾನು ಹೇಳ್ಲಿಲ್ವಾ? ಸ್ಟೇರಿಂಗ್ ಹಿಡಿಯೋದು ಅಂದ್ರೆ ಹಾಲು ಕರೆದ ಹಾಗಾ? ಅಷ್ಟು ಜೋರಾಗಿ ಯಾಕೆ ಬಂದೆ?"

ಸೊಸೆ ಇಳಿದು, ಬಗ್ಗಿ, ಹುಲ್ಲು ಸರಿಸಿ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಅಮ್ಮ, ನೀನೇ ಹೇಳು. ಅಲ್ಲಿ ಏನಾದ್ರೂ ಇತ್ತಾ?"

"ನನಗೇನು ಗೊತ್ತು?" ಎಂದೆ.

ಸೆಪ್ಟೆಂಬರ್ 15, ಸೋಮವಾರ

ಬೆಳಿಗ್ಗೆ ಕೊಟ್ಟಿಗೆಯಲ್ಲಿ ಗುನುಗು ಕೇಳಿಸಲಿಲ್ಲ. ನಿಲ್ಲಿಸು ಎಂದು ಒಂಬತ್ತು ವರ್ಷದಿಂದ ಹೇಳುತ್ತಿದ್ದೆ. ಇವತ್ತು ನಿಂತಿತು. ಊಟ ರುಚಿಸಲಿಲ್ಲ.

ಸೆಪ್ಟೆಂಬರ್ 17, ಬುಧವಾರ

ಸೊಸೆ ಹಾಲು ಹಾಕಲು ಹೋದಾಗ ನಾನು ಹುಲ್ಲುಗಾವಲಿಗೆ ಹೋದೆ. ಆ ಏಳನೆಯದನ್ನು ಕಿತ್ತು ಕೆರೆಗೆ ಎಸೆಯೋಣ ಎಂದು. ನೋಡಿದರೆ ಬರೀ ತೂತು. ಬ್ಲೇಡಿನ ಏಟಿಗೆ ಎಲ್ಲೋ ಹಾರಿರಬೇಕು. ಸುತ್ತ ಹುಡುಕಿದೆ, ಸಿಗಲಿಲ್ಲ. ಒಳ್ಳೆಯದೇ ಆಯಿತು, ಇನ್ನು ಯಾರಿಗೂ ಸಿಗುವುದಿಲ್ಲ ಎಂದುಕೊಂಡೆ. ಆದರೂ ಒಳ್ಳೆಯದಾದ ಹಾಗೆ ಅನ್ನಿಸಲಿಲ್ಲ.

ಇಸ್ತ್ರಿ ಹಳದಿಯದನ್ನು ವಾಪಸ್ ಒಯ್ಯುವಾಗ, ಓಡಿಸಲು ಬಾರದವರಿಗೆ ಇನ್ನೊಂದು ಮಷಿನ್ ಕೊಡುವುದಿಲ್ಲ ಎಂದು ಅವಳ ಮುಖದ ಮೇಲೇ ಹೇಳಿದ. ಅವಳು ಸರಿ ಎಂದಳು. ನನಗೆ ಅವನ ಅಂಗಿ ಮುದುರಬೇಕು ಎನ್ನಿಸಿತು.

ಮಗ ಫೋನಿನಲ್ಲಿ ಹೇಳಿದ್ದು: "ಭಾನುವಾರ ಇಟ್ಟಿಗೆಯವನನ್ನ ಕರ್ಕೊಂಡೇ ಬರ್ತೀನಿ."

ಸಂಜೆ ಗಡಿಬಿಡಿ ನನ್ನನ್ನೇ ನೋಡುತ್ತಾ ಮೆಲುಕು ಹಾಕುತ್ತಿತ್ತು. ಈ ಹಸುವಿಗೂ ಈಗ ಒಂದು ನೋಟ ಬಂದಿದೆ.

ಸೆಪ್ಟೆಂಬರ್ 21, ಭಾನುವಾರ

ಬಂದ ಇಟ್ಟಿಗೆಯವನು. ಬೇಲಿಯಾಚೆಯಿಂದಲೇ ಹೆಜ್ಜೆ ಹಾಕಿ ಅಳೆದುಕೊಂಡು ಬಂದ. ಜಗಲಿಯ ಮೇಲೆ ಕೂತ, ಟೀ ಕುಡಿದ, ಕಾಲು ಅಲ್ಲಾಡಿಸಿದ. ಎಲ್ಲಿಂದ ಅಗೆಯಲು ಶುರುಮಾಡುವುದು ಎಂಬ ಮಾತಿಗೇ ಇಳಿದುಬಿಟ್ಟ.

"ಮಷಿನ್ ತರಿಸಿ ನೋಡಿದ್ವಿ" ಎಂದ ನನ್ನ ಮಗ. "ಇವಳ ಕೈಲಿ ಆಗ್ಲಿಲ್ಲ."

ಸೊಸೆ ಅಡುಗೆಮನೆಯ ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದಳು. ಮುಖ ತಗ್ಗಿಸಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ತಿರುಗಿದ್ದರೆ ನಾನು ಬೇರೆ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆನೋ ಏನೋ. ತಿರುಗಲಿಲ್ಲವಲ್ಲ, ಅದನ್ನೇ ತಡೆಯಲಾಗಲಿಲ್ಲ.

"ಗೂಟ ನನ್ನದು" ಎಂದೆ.

"ಯಾವ ಗೂಟ ಅಮ್ಮ?"

"ಬ್ಲೇಡು ಮಡಚಿದ ಗೂಟ. ಕಬ್ಬಿಣದ್ದು. ಇನ್ನೂ ಹನ್ನೊಂದಿವೆ. ನಟ್ಟಣ್ಣ ಬಾಯಿಬಿಟ್ಟು ಕೇಳಿದಾಗ ನಾನು ಇಲ್ಲ ಅಂದೆ. ಅವಳು ನೆಟ್ಟಗೇ ಓಡಿಸಿದ್ಲು. ಅಷ್ಟು ನೇರ ನೀನು ನಿನ್ನ ಲಾರಿ ಓಡಿಸಿದ್ರೆ ಅದರ ಎರಡೂ ಕನ್ನಡಿ ಇವತ್ತು ಜಾಗದಲ್ಲಿರ್ತಿದ್ವು. ಇನ್ನೊಂದು. ನನ್ನ ಕೈ ಮುರಿದದ್ದು ಅದೇ ಗೂಟ ಎಡವಿ. ಹಸು ಎಳೀಲಿಲ್ಲ. ಅದಕ್ಕೂ ನೀನು ಎರಡೇಟು ಹೊಡೆದೆಯಲ್ಲ, ಹೋಗಿ ಮೈ ಸವರಿ ಬಾ."

ಇಟ್ಟಿಗೆಯವನ ಕಾಲು ಅಲ್ಲಾಡುವುದು ನಿಂತಿತು. "ಹನ್ನೊಂದು ಕಬ್ಬಿಣದ ಗೂಟಾನಾ? ನನ್ನ ಅಗೆಯೋ ಮಷಿನ್ ಹಲ್ಲಿನ ಗತಿ?"

"ಹೋಗೋವಾಗ ಎಣಿಸ್ಕೊಂಡು ಹೋಗಪ್ಪ. ಆಮೇಲೆ ಕಮ್ಮಿಯಾಯ್ತು ಅಂತ ಬರಬೇಡ."

ಮಾತು ಕೊಟ್ಟ ಪ್ರಕಾರ ತಿಂಗಳ ಕೊನೆಗೆ ಇನ್ನೂ ಒಂಬತ್ತು ದಿನ ಇದೆ ಎಂದು ಮಗನಿಗೆ ನೆನಪಿಸಿದೆ. ಅವನು ಹೆಂಡತಿಯ ಮುಖ ನೋಡಿದ. ಹೂಂ ಎಂದ.

ಅವಳು ಹೇಳಿದ್ದು ಇಷ್ಟೇ: "ನಿಮ್ಮ ಟೀ ಆರ್ತಾ ಇದೆ ಅತ್ತೆ." ಇವಳಿಗೆ ಆಶ್ಚರ್ಯವೇ ಆಗಲಿಲ್ಲವಲ್ಲ ಎಂದು ಈಗ ಬರೆಯುವಾಗ ಹೊಳೆಯಿತು. ಟೀ ಮಾತ್ರ ಚೆನ್ನಾಗಿತ್ತು.

ಸೆಪ್ಟೆಂಬರ್ 23, ಮಂಗಳವಾರ

ಎರಡು ದಿನದಿಂದ ಹುಲ್ಲುಗಾವಲಿನಲ್ಲೇ ಇದ್ದೇವೆ. ಹಳೆಯ ಕೆಂಪು ಪರದೆಯೊಂದನ್ನು ಹರಿದು ಪಟ್ಟಿ ಮಾಡಿ ಕೋಲುಗಳಿಗೆ ಕಟ್ಟಿದೆವು. ಮುಂದೆ ನಾನು, ಹಿಂದೆ ಅವಳು. ನಾನು ಪಾದದಿಂದ ತಡವಿ "ಇಲ್ಲಿ" ಎನ್ನುವುದು, ಅವಳು ಗೂಟವಾದರೆ ಹಾರೆಯಿಂದ ಮೀಟಿ ಕೀಳುವುದು, ಏಳದ ಕಲ್ಲಾದರೆ ಕೋಲು ನೆಡುವುದು. ಹನ್ನೊಂದು ಗೂಟವೂ ಬಂದವು. ಕಲ್ಲು ಹದಿನಾಲ್ಕು. ಬರಿಗಾಲಲ್ಲಿ ಓಡಾಡು ಎಂದು ನಟ್ಟಣ್ಣನಿಗೆ ಹೇಳಿದ್ದೆ, ಪುಣ್ಯಕ್ಕೆ ಅವನು ಓಡಾಡಲಿಲ್ಲ.

ಕೆಳಮೂಲೆಯಲ್ಲಿ ಅವಳ ಹಾರೆಗೆ ಒಂದು ಕಬ್ಬಿಣದ ಬಾಣಲೆ ಸಿಕ್ಕಿತು. ತುಕ್ಕು ಹಿಡಿದು ಜರಡಿಯಾಗಿತ್ತು.

"ಅತ್ತೆ, ಇದು ಇಲ್ಲಿಗೆ ಹೇಗೆ ಬಂತು?"

"ನಿನ್ನ ಮಾವನ ಮೇಲೆ ಎಸೆದದ್ದು."

"ಅಯ್ಯೋ! ಯಾತಕ್ಕೆ?"

"ಯಾತಕ್ಕೋ ಮರೆತೇಹೋಯ್ತು ಕಣೇ. ಗುರಿ ತಪ್ಪಿದ್ದು ಮಾತ್ರ ಚೆನ್ನಾಗಿ ನೆನಪಿದೆ."

ಅವಳು ಹಾರೆ ಹಿಡಿದುಕೊಂಡೇ ನೆಲಕ್ಕೆ ಕೂತು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು. ಅವಳು ಹೀಗೆ ನಗುತ್ತಾಳೆ ಎಂದು ಗೊತ್ತಿರಲಿಲ್ಲ. ಮೂಗಿನಿಂದ ಸದ್ದು ಬರುತ್ತದೆ, ಅಷ್ಟು ಚೆಂದವೇನಲ್ಲ. ಇನ್ನೂ ಎರಡು ಹಳೆಯ ಜಗಳ ಹೇಳಿದೆ.

ಸೆಪ್ಟೆಂಬರ್ 25, ಗುರುವಾರ

ಮೊದಲು ಇಸ್ತ್ರಿಯ ಅಂಗಡಿ. "ನೋಡಪ್ಪ, ತಪ್ಪು ಗೂಟದ್ದು, ಗೂಟ ನನ್ನದು. ನಿನ್ನ ಹಳದಿಯದಕ್ಕೆ ಬೇರೆ ಬ್ಲೇಡು, ಬೇರೆ ಮುಚ್ಚಳ ನಾವೇ ಹಾಕಿಸ್ತೀವಿ. ಇವಳಿಗೆ ಓಡಿಸೋಕೆ ಬರಲ್ಲ ಅಂದೆಯಲ್ಲ, ಅದನ್ನ ಮಾತ್ರ ನೀನು ವಾಪಸ್ ತಗೋಬೇಕು" ಎಂದೆ. ತೆಗೆದುಕೊಂಡ. ಅಂಗಡಿಯಲ್ಲಿ ಆರು ಜನ ಗಿರಾಕಿಗಳಿದ್ದರು, ಹಾಗಾಗಿ ಬೇಗನೇ ತೆಗೆದುಕೊಂಡ.

"ಈಗ ಯಾವುದು ಅಜ್ಜಿ?"

"ನನ್ನನ್ನ ಯಾಕೆ ಕೇಳ್ತೀಯ? ಓಡಿಸೋಳನ್ನ ಕೇಳು."

ಅವಳು ಧೂಳಿನ ಸ್ಲ್ಯಾಶರನ್ನೇ ತೋರಿಸಿದಳು. ಇಸ್ತ್ರಿ ಐದಡಿ ಅಗಲದ್ದು ಬೇಗ ಮುಗಿಯುತ್ತದೆ ಎಂದ. ನಮ್ಮ ಟ್ರ್ಯಾಕ್ಟರಿಗೆ ಏದುಸಿರು ಬರುತ್ತದೆ, ನಾಲ್ಕಡಿಯದೇ ಸಾಕು ಎಂದಳು. ಹಿಂದೆ ಸರಪಣಿ ಪರದೆ ಇದೆಯಾ, ಕಲ್ಲು ಸಿಡಿದರೆ ತಡೆಯುತ್ತಾ ಎಂದು ಕೇಳಿದಳು. ಇಷ್ಟೆಲ್ಲ ಯಾವಾಗ ಕಲಿತಳೋ. ನಾನು ಸೌತೆಕಾಯಿ ಗೆರೆ ನೋಡುತ್ತಾ ನಿಂತಿದ್ದಾಗ ಇರಬೇಕು.

ನಟ್ಟಣ್ಣ ಮನೆಗೆ ಬಂದು ಜೋಡಿಸಿದ. ಟ್ರ್ಯಾಕ್ಟರಿನಿಂದ ಮಷಿನ್ನಿಗೆ ಹೋಗುವ ತಿರುಗುವ ಕೋಲಿನಲ್ಲಿ ಒಂದು ಸಣ್ಣ ಬೋಲ್ಟು ಹಾಕಿ, "ಇದು ಮುರಿಯೋಕೆ ಅಂತಲೇ ಇರೋದು ಅಜ್ಜಿ" ಎಂದ. ಬ್ಲೇಡು ಎಲ್ಲಾದರೂ ಪೂರ್ತಿ ಸಿಕ್ಕಿಕೊಂಡರೆ ಮೊದಲು ಇದು ತುಂಡಾಗುತ್ತದಂತೆ. ಆಗ ಮಷಿನ್ನೂ ಉಳಿಯುತ್ತದೆ, ಟ್ರ್ಯಾಕ್ಟರೂ ಉಳಿಯುತ್ತದೆ. "ಇದನ್ನ ಯಾರೂ ಹೊಗಳಲ್ಲ, ಮುರಿದಾಗ ಬೈತಾರೆ" ಎಂದು ನಕ್ಕ.

ಹದಿನಾಲ್ಕನೇ ತಾರೀಖು ಅವಳು ಬಗ್ಗಿ ನಿಂತದ್ದು ಯಾಕೋ ಕಣ್ಣ ಮುಂದೆ ಬಂತು. ಅಂಥ ಬೋಲ್ಟು ಇನ್ನೂ ನಾಲ್ಕು ತಂದಿಡು ಎಂದೆ. ಎದ್ದು ಹೋಗುವಾಗ ಅವನ ಜೇಬಿನಿಂದ ಒಂದು ನಟ್ಟು ಉದುರಿತು.

ಸೆಪ್ಟೆಂಬರ್ 28, ಭಾನುವಾರ

ಮೂರನೇ ದಿನ. ಮೂರು ಎಕರೆ ಮುಗಿಯಿತು! ಮುಳ್ಳುಗಿಡಗಳು ಸೌತೆಕಾಯಿಯ ಹಾಗೆ ಹೋಗುತ್ತಿವೆ. ಕಾರ್ಪೆಟ್ಟಂತೂ ಅಲ್ಲ. ಹೊಸದಾಗಿ ಕಲಿಯುವವನು ಕ್ಷೌರ ಮಾಡಿದ ತಲೆಯಂತೆ ಅಲ್ಲಲ್ಲಿ ಎದ್ದಿದೆ, ಅಲ್ಲಲ್ಲಿ ಬಿದ್ದಿದೆ. ಹಸುವಿಗೆ ಅದೇ ಸಾಕು.

ಕಲ್ಲು ಸಿಡಿಯುತ್ತದೆಂದು ನನ್ನನ್ನು ಬೇಲಿಯಾಚೆ ಕುರ್ಚಿ ಹಾಕಿ ಕೂರಿಸಿದ್ದಾಳೆ. ನನ್ನದೇ ಜಾಗದಿಂದ ನನ್ನನ್ನು ಆಚೆ ಹಾಕಿದಳು! ಕೂಗಿ ಪ್ರಯೋಜನವಿಲ್ಲ ಎಂದು ಗೊತ್ತಾಗಿದೆಯಲ್ಲ, ಅದಕ್ಕೆ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಇಟ್ಟುಕೊಂಡಿದ್ದೇನೆ. ಎತ್ತಿದರೆ ನಿಲ್ಲಿಸು, ಬಲಕ್ಕೆ ಬೀಸಿದರೆ ಬಲಕ್ಕೆ. ರೈಲಿಗೂ ಇಷ್ಟೇ ಬೇಕಾಗಿರುವುದು.

ಮಧ್ಯಾಹ್ನ ನಾನು ಗುರುತಿಸದ ಒಂದು ಕಲ್ಲು ಸಿಕ್ಕಿತು. ಟಣ್! ಕುರ್ಚಿಯಿಂದ ಎದ್ದೇಬಿಟ್ಟೆ. ಬ್ಲೇಡು ಮಡಚಿಕೊಂಡು ದಾಟಿ ಮತ್ತೆ ಬಿಚ್ಚಿಕೊಂಡಿತು, ಏನೂ ಆಗದ ಹಾಗೆ ಮುಂದೆ ಹೋಯಿತು. ಅವಳು ನನ್ನ ಕಡೆ ನೋಡಿದಳು. ಹದಿನೈದು ಎಂದು ಬೆರಳಲ್ಲಿ ತೋರಿಸೋಣ ಎಂದರೆ ಇರುವುದು ಒಂದೇ ಕೈ, ಅದರಲ್ಲೂ ಕೋಲು.

ಮಗ ಬಂದಿದ್ದಾನೆ. ಬೇಲಿಗೆ ಒರಗಿ ಕೈಕಟ್ಟಿ ನಿಂತಿದ್ದ. ಆಮೇಲೆ ನೋಡಿದರೆ ಕೈ ಬಿಚ್ಚಿ, ನೀರಿನ ಬಾಟಲಿ ಹಿಡಿದು ಅವಳು ಸುತ್ತು ಮುಗಿಸುವುದನ್ನು ಕಾಯುತ್ತಿದ್ದ. ಗಡಿಬಿಡಿಯ ಮೈಯನ್ನೂ ಸವರಿದನಂತೆ. ನಾನು ನೋಡಲಿಲ್ಲ, ಅವನೇ ಎರಡು ಸಲ ಹೇಳಿದ.

ಸೆಪ್ಟೆಂಬರ್ 29, ಸೋಮವಾರ

ಮುಗಿಯಿತು. ಇಟ್ಟಿಗೆಯವನಿಗೆ ಮಗ ನನ್ನೆದುರೇ ಫೋನ್ ಮಾಡಿ ಆಗುವುದಿಲ್ಲ ಎಂದ. "ಗೂಟ ಎಲ್ಲ ಕಿತ್ತಿದ್ದೇವೆ ಅಂತ ಮಾತ್ರ ಅವನಿಗೆ ಹೇಳ್ಬೇಡ" ಎಂದೆ.

ಅಕ್ಟೋಬರ್ 11, ಶನಿವಾರ

ಪ್ಲಾಸ್ಟರ್ ಬಿಚ್ಚಿದರು. ಕೈ ಬಿಸಿಲು ಕಾಣದ ಬೇರಿನ ಹಾಗಾಗಿದೆ. ಮನೆಗೆ ಬಂದವಳೇ ನೇರವಾಗಿ ಹುಲ್ಲುಗಾವಲಿಗೆ ಹೋದೆ. ಎಲ್ಲೆಲ್ಲೂ ನಾಲ್ಕು ಬೆರಳುದ್ದ ಎಳೆ ಹುಲ್ಲು. ಗಡಿಬಿಡಿ ತಲೆ ಎತ್ತುವುದಿಲ್ಲ. ಅದಕ್ಕೆ ಎರಡು ಹಿಡಿ ಹಿಂಡಿ ಹೆಚ್ಚು ಹಾಕಿದ್ದೇನೆ, ಹಳೆಯ ವಿಷಯಕ್ಕೆ.

ಸಂಜೆ ಯಾರೂ ಇಲ್ಲದಾಗ ಟ್ರ್ಯಾಕ್ಟರ್ ಹತ್ತಿ ಕೂತೆ. ಸುಮ್ಮನೆ, ಎತ್ತರದಿಂದ ಹೇಗೆ ಕಾಣುತ್ತದೆ ನೋಡೋಣ ಎಂದು. ಸೀಟಿನ ಕೆಳಗೆ ಸಾಮಾನಿನ ಡಬ್ಬವಿದೆ. ತೆರೆದೆ. ಪಾನಾ, ಗ್ರೀಸ್ ಡಬ್ಬಿ, ನಟ್ಟಣ್ಣನ ನಾಲ್ಕು ಬೋಲ್ಟು. ಅಡಿಯಲ್ಲಿ ಬಟ್ಟೆಯಲ್ಲಿ ಸುತ್ತಿದ್ದ ಏನೋ ಭಾರ. ಬಿಚ್ಚಿದೆ.

ಏಳನೇ ಗೂಟ. ತಲೆ ಬಾಗಿತ್ತು, ಬ್ಲೇಡಿನ ಏಟು ಇನ್ನೂ ಹೊಳೆಯುತ್ತಿತ್ತು.

ತಲೆಯೆತ್ತಿದರೆ ಹಾಲಿನ ಕ್ಯಾನು ಹಿಡಿದು ಅವಳು ನಿಂತಿದ್ದಾಳೆ.

"ಇದು ಯಾವಾಗ ಸಿಕ್ತೇ?"

"ಬ್ಲೇಡು ಮಡಚಿದ ದಿನಾನೇ ಅತ್ತೆ. ನಿಮ್ಮ ಮಗ ಬೈತಿದ್ರಲ್ಲ, ಆಗ ಹುಲ್ಲಲ್ಲಿ ಕಾಣಿಸ್ತು. ಆಮೇಲೆ ಬಂದು ಎತ್ತಿಟ್ಟೆ."

"ಅವನ ಮುಖಕ್ಕೆ ಹಿಡೀಬೇಕಿತ್ತು! ಬಾಯಲ್ಲೇನು ಇಟ್ಕೊಂಡಿದ್ದೆ?"

"ನೀವೇ ಹೇಳ್ತೀರ ಅಂತಿದ್ದೆ."

"ಹೇಳದೇ ಇದ್ದಿದ್ರೆ? ಇಟ್ಟಿಗೆಯವನು ಜಗಲಿ ಮೇಲೆ ಬಂದು ಕೂತಿದ್ದ ಮಹಾತಾಯಿ!"

"ಅವತ್ತು ಈ ಗೂಟಾನ ಟ್ರೇ ಕೆಳಗೆ ಹಿಡ್ಕೊಂಡೇ ನಿಂತಿದ್ದೆ" ಎಂದಳು. "ಆದ್ರೂ ಒಂದು ಗಳಿಗೆ ನೋಡೋಣ ಅನ್ನಿಸ್ತು. ನಿಮ್ಮ ಬಾಯಿ ನನಗೆ ಗೊತ್ತಿಲ್ವಾ? ಏನನ್ನೂ ಒಳಗಿಟ್ಕೊಳ್ಳಲ್ಲ ಅದು."

ಗೂಟ ಹಿಡಿದು ಕೆಳಗಿಳಿದೆ. ಕೊಟ್ಟಿಗೆಯ ಬಾಗಿಲಿಗೆ ಒತ್ತು ಇರಲಿಲ್ಲ, ಗಾಳಿಗೆ ಬಡಿದುಕೊಳ್ಳುತ್ತಿತ್ತು. ಗೂಟವನ್ನು ಅದಕ್ಕೆ ಒತ್ತಾಗಿ ಇಟ್ಟುಬಂದೆ. ಬಾಗಿದ್ದಕ್ಕೇ ಸರಿಯಾಗಿ ಕೂರುತ್ತದೆ.

ಅವಳು ಈಗ ಒಳಗೆ ಹಾಲು ಕರೆಯುತ್ತಾ ಗುನುಗುತ್ತಿದ್ದಾಳೆ. ಎರಡನೇ ಸಾಲನ್ನು ಪ್ರತಿ ಸಲವೂ ತಪ್ಪುತ್ತಾಳೆ, ಇಲ್ಲಿಂದಲೇ ಸರಿಮಾಡಿ ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಬೇಕಲ್ಲ. ನಾಳೆ ಬೆಳಿಗ್ಗೆ ನನಗೆ ಕ್ಲಚ್ಚು ಒತ್ತುವುದನ್ನು ಹೇಳಿಕೊಡುತ್ತಾಳಂತೆ. ಗಡಿಬಿಡಿಯನ್ನು ದೂರ ಕಟ್ಟಲು ಹೇಳಿದ್ದೇನೆ. ಈ ಸಲ ತಪ್ಪನ್ನು ಅದರ ಮೇಲೆ ಹಾಕುವ ಹಾಗಿಲ್ಲ.